ಮೇಷ್ಟ್ರ ಬೈಕು, ಮೂರು ಟ್ರೇ ಮೊಟ್ಟೆ, ಒಂದು ಕಳಚುವ ಕ್ಯಾರಿಯರ್

ಬೈಕಿಗೆ ಹಿಂದೆ ಕ್ಯಾರಿಯರ್ ಬೇಕು, ಬೇಡದಾಗ ತೆಗೆದಿಡುವಂತೆಯೂ ಇರಬೇಕು ಅಂತ ಹುಡುಕುವವರು ಸಾಮಾನ್ಯವಾಗಿ ಮೂರು ವಿಷಯ ನೋಡುತ್ತಾರೆ. ಎಷ್ಟು ಕೆಜಿ ತಡೆಯುತ್ತೆ, ನೋಡೋಕೆ ಹೇಗಿದೆ, ಎಷ್ಟು ದುಡ್ಡು. ಈ ಪ್ರಕರಣದಲ್ಲಿ ಈ ಮೂರೂ ಸರಿಯಾಗಿದ್ದ ಎರಡು ಕ್ಯಾರಿಯರ್‌ಗಳು ಕೆಲಸಕ್ಕೆ ಬರಲಿಲ್ಲ. ಮೂರನೆಯದು ಬಂತು. ಯಾಕೆ ಅನ್ನೋದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೈಕ್ ಯಜಮಾನರು ನನ್ನ ಪರಿಚಯದವರು, ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಶಾಲೆ, ಹಳ್ಳಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಮನೆಯ ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಇವರು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮನೆ ಶಿವಮೊಗ್ಗದಲ್ಲಿ. ಶಾಲೆ ತೀರ್ಥಹಳ್ಳಿ ರಸ್ತೆಯಲ್ಲಿ, ಮಂಡಗದ್ದೆ ದಾಟಿ ಒಳಗೆ. ಒಂದು ಕಡೆಗೆ 35 ಕಿ.ಮೀ. ಆಸುಪಾಸು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುವವರೆಗೆ ಹೆದ್ದಾರಿ, ಅದು ಪರವಾಗಿಲ್ಲ. ಕೊನೆಯ ನಾಲ್ಕೈದು ಕಿ.ಮೀ. ಅಡಿಕೆ ತೋಟಗಳ ನಡುವಿನ ರಸ್ತೆ. ಅಲ್ಲಿ ಡಾಂಬರು ಇದ್ದ ಕಡೆ ಹಂಪು, ಹಂಪು ಇಲ್ಲದ ಕಡೆ ಗುಂಡಿ. ಬಸ್ಸು ಶಾಲೆಯ ಹೊತ್ತಿಗೆ ಹೊಂದುವುದಿಲ್ಲ. ಹಾಗಾಗಿ ವರ್ಷವಿಡೀ ಬೈಕೇ. ಬೈಕು 100 ಸಿಸಿಯದು, ಬಿಎಸ್ 6 ಅನ್ನೋ ಹೊಗೆ ನಿಯಮ ಬಂದ ಮೇಲೆ ತಗೊಂಡದ್ದು.

ಶಾಲೆ ಚಿಕ್ಕದು. ಬಿಸಿಯೂಟದ ಜೊತೆ ಕೊಡುವ ಮೊಟ್ಟೆ ತಿನ್ನುವ ಮಕ್ಕಳು ಇಪ್ಪತ್ತೈದರ ಸುಮಾರು, ಉಳಿದವರಿಗೆ ಬಾಳೆಹಣ್ಣು. ಬಾಳೆಹಣ್ಣು ಊರಲ್ಲೇ ಸಿಗುತ್ತೆ. ಮೊಟ್ಟೆ ನಂಬಿಕೊಂಡು ಕೂರುವಷ್ಟು ಸಿಗುವುದಿಲ್ಲ, ಸಿಕ್ಕರೂ ರೇಟು ಜಾಸ್ತಿ. ಆದ್ದರಿಂದ ಇವರೇ ಪೇಟೆಯಿಂದ ಒಯ್ಯುತ್ತಿದ್ದರು. ವಾರಕ್ಕೆ ಎರಡು ದಿನ ಮೊಟ್ಟೆ ಇದ್ದಾಗ ಅದೇನೂ ದೊಡ್ಡ ಕೆಲಸ ಆಗಿರಲಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದು ವಾರಕ್ಕೆ ಆರು ದಿನ ಆಯಿತು. ಅಂದರೆ ಮೊದಲು ವಾರಕ್ಕೆ 50 ಮೊಟ್ಟೆ ಇದ್ದದ್ದು 150 ಆಯಿತು. ಐದು ಟ್ರೇ. ಒಂದು ದಿನ ಮೂರು ಟ್ರೇ, ಇನ್ನೊಂದು ದಿನ ಎರಡು ಅಂತ ಹಂಚಿಕೊಂಡರು.

ಉಳಿದ ದಿನ ಹಿಂದಿನ ಸೀಟಿನಲ್ಲಿ ಹೆಂಡತಿ. ಅವರ ಕಚೇರಿ ಇವರ ದಾರಿಯಲ್ಲೇ ಇದೆ. ಭಾನುವಾರ ಅಪ್ಪ. ಅಪ್ಪನಿಗೆ ಮೊಣಕಾಲು ನೋವು, ಕಾಲು ಎತ್ತಿ ದಾಟಿಸಿ ಕೂರಬೇಕಾದರೆ ಹಿಂದೆ ಪೆಟ್ಟಿಗೆಯಂಥದ್ದು ಏನೂ ಅಡ್ಡ ಇರಬಾರದು. ಮನೆ ಪಕ್ಕದ ಓಣಿಯಲ್ಲಿ ಬೈಕ್ ತಿರುಗಿಸಿ ಒಳಗೆ ನಿಲ್ಲಿಸಬೇಕು, ಹಿಂದೆ ಒಂದಡಿ ಉದ್ದ ಹೆಚ್ಚಾದರೂ ಗೋಡೆಗೆ ತಾಗುತ್ತೆ. ಕಳಚುವ ಕ್ಯಾರಿಯರ್ ಬೇಕು ಅಂದದ್ದು ಶೋಕಿಗಲ್ಲ.

ಸಮಸ್ಯೆ ಭಾರದ್ದಲ್ಲ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ದಾರಿ ತಪ್ಪುತ್ತಾರೆ. ಒಂದು ಮೊಟ್ಟೆ 50ರಿಂದ 55 ಗ್ರಾಂ. ಮೂವತ್ತರ ಟ್ರೇ ಒಂದೂವರೆ ಕೆಜಿ ಮೇಲೆ ಚೂರು. ಮೂರು ಟ್ರೇ ಸೇರಿದರೆ ಐದು ಕೆಜಿ. ಪೆಟ್ಟಿಗೆ, ಊಟದ ಡಬ್ಬಿ, ಪುಸ್ತಕ ಎಲ್ಲ ಸೇರಿಸಿದರೂ ಒಂಬತ್ತು ದಾಟುವುದಿಲ್ಲ. ತೊಂದರೆ ಕೊಡುವುದು ಕುಲುಕಾಟ ಮತ್ತು ಮಳೆ. ರಟ್ಟಿನ ಟ್ರೇ ಮಲೆನಾಡಿನ ಮಳೆಯಲ್ಲಿ ಮೆತ್ತಗಾಗಿ ಕುಸಿಯುತ್ತೆ, ಟ್ರೇ ಕುಸಿದರೆ ಮೊಟ್ಟೆಗೆ ಮೊಟ್ಟೆ ತಾಗುತ್ತೆ. ಮುಗಿಯಿತು.

ಮೊದಲು ಮಾಡಿದ್ದು

ಎಲ್ಲರೂ ಮಾಡುವುದನ್ನೇ ಮಾಡಿದರು. ಹಿಂದಿನ ಸೀಟಿನ ಮೇಲೆ ಟ್ರೇ ಇಟ್ಟು, ಹಳೇ ಸೈಕಲ್ ಟ್ಯೂಬಿನಿಂದ ಬಿಗಿದರು. ಸಡಿಲ ಕಟ್ಟಿದರೆ ಜಾರುತ್ತೆ, ಬಿಗಿ ಕಟ್ಟಿದರೆ ಅಂಚಿನ ಸಾಲಿನ ಮೊಟ್ಟೆ ಟ್ಯೂಬಿಗೇ ಒಡೆಯುತ್ತೆ. ಆಮೇಲೆ ಸೀಟಿನ ಮೇಲೆ ಪ್ಲಾಸ್ಟಿಕ್ ಪೆಟ್ಟಿಗೆ ಇಟ್ಟು ಕಟ್ಟಿದರು. ಅದು ಒಂದಷ್ಟು ದಿನ ಚೆನ್ನಾಗಿಯೇ ನಡೆಯಿತು. ನಿಜ ಹೇಳಬೇಕೆಂದರೆ ಹಿಂದೆ ಯಾರನ್ನೂ ಕೂರಿಸದವರಿಗೆ ಇದೇ ಸಾಕು, ಕ್ಯಾರಿಯರ್ ಬೇಕಾಗಿಯೇ ಇಲ್ಲ. ಸೀಟಿನ ಕುಶನ್ ಇರುತ್ತೆ, ಭಾರ ಹಿಂದಿನ ಚಕ್ರಕ್ಕಿಂತ ಮುಂದೆ ಬೀಳುತ್ತೆ, ಇದಕ್ಕಿಂತ ಒಳ್ಳೆ ಜಾಗ ಬೈಕಿನಲ್ಲಿ ಇಲ್ಲ.

ಆದರೆ ಒಂದು ನಿಯಮ ತಿಳಿದಿರಲಿ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿ ಪ್ರಕಾರ ಬೈಕಿಗೆ ಹಾಕುವ ಹಗುರ ಪೆಟ್ಟಿಗೆ 550 ಮಿ.ಮೀ. ಉದ್ದ, 510 ಅಗಲ, 500 ಎತ್ತರ ಮೀರಬಾರದು. ಪೆಟ್ಟಿಗೆ ಹಿಂದಿನ ಸವಾರರ ಜಾಗದಲ್ಲಿ ಇದ್ದರೆ ಓಡಿಸುವವರು ಒಬ್ಬರೇ ಇರಬೇಕು. ಆ ಜಾಗದ ಹಿಂದೆ ಇದ್ದರೆ ಇನ್ನೊಬ್ಬರು ಕೂರಬಹುದು, ಒಟ್ಟು ಭಾರ ಕಂಪನಿ ಹೇಳಿದ ಮಿತಿಯೊಳಗಿರಬೇಕು. ಒಂದು ಬೆಳಿಗ್ಗೆ ಹೆಂಡತಿಯನ್ನೂ ಮೊಟ್ಟೆಯನ್ನೂ ಒಟ್ಟಿಗೆ ಒಯ್ಯಬೇಕಾಯಿತು. ಪೆಟ್ಟಿಗೆ ಅವರ ತೊಡೆ ಮೇಲೆ! ಅವತ್ತೇ ಕ್ಯಾರಿಯರ್ ಹುಡುಕಾಟ ಶುರುವಾಯಿತು.

ಎರಡೂ ಪಕ್ಕಕ್ಕೆ ನೇತುಹಾಕುವ ಬಟ್ಟೆ ಚೀಲದ ಯೋಚನೆ ಬೇಗ ಬಿಟ್ಟರು. ಒಂದು ಕಡೆ ಸೈಲೆನ್ಸರ್ ಬಿಸಿ, ಇನ್ನೊಂದು ಕಡೆ ಸೀರೆ ಉಟ್ಟು ಪಕ್ಕಕ್ಕೆ ತಿರುಗಿ ಕೂರುವವರ ಕಾಲು.

ಹೆಸರಿಗೆ ಕಳಚುವ ಕ್ಯಾರಿಯರ್

ಆನ್‌ಲೈನಿನಲ್ಲಿ ತರಿಸಿದ ಮೊದಲನೆಯದು ಗಟ್ಟಿ ಕಬ್ಬಿಣದ್ದು. ಹಿಂದೆ ಕೂತವರು ಹಿಡಿದುಕೊಳ್ಳುವ ಗ್ರ್ಯಾಬ್ ರೈಲಿನ ಬೋಲ್ಟುಗಳಲ್ಲೇ ಕೂರುತ್ತೆ. ನಾಲ್ಕು ಬೋಲ್ಟ್ ಬಿಚ್ಚಿದರೆ ಹೊರಗೆ. ಕಳಚಬಹುದು ಅಂತ ಬರೆದದ್ದು ಸುಳ್ಳಲ್ಲ. ಆದರೆ ಬೆಳಿಗ್ಗೆ ಏಳೂವರೆಗೆ, ಮಳೆಯಲ್ಲಿ, ಸ್ಪ್ಯಾನರ್ ಹಿಡಿದು ನಾಲ್ಕು ಬೋಲ್ಟ್ ಬಿಚ್ಚಿ, ಗ್ರ್ಯಾಬ್ ರೈಲು ಮತ್ತೆ ಕೂರಿಸಿ, ಕೈ ತೊಳೆದು ಶಾಲೆಗೆ ಹೊರಡುವವರು ಯಾರು? ಮೊದಲ ವಾರ ತೆಗೆದು ಹಾಕಿದರು. ಆಮೇಲೆ ಅದು ಅಲ್ಲೇ ಉಳಿಯಿತು. ಅಪ್ಪ ಭಾನುವಾರ ಆಟೋ ಹಿಡಿದರು.

ಇನ್ನೊಂದು ವಿಷಯ ಬೇಗ ಗೊತ್ತಾಗಲಿಲ್ಲ. ಕ್ಯಾರಿಯರಿನ ಪಟ್ಟಿ ಸೇರಿದ್ದರಿಂದ ಹಳೇ ಬೋಲ್ಟ್ ಐದು ಮಿ.ಮೀ. ಕಡಿಮೆ ಒಳಗೆ ಹೋಗುತ್ತಿತ್ತು. 8 ಮಿ.ಮೀ. ದಪ್ಪದ ಬೋಲ್ಟ್ ಕಬ್ಬಿಣದಲ್ಲಿ ಕಡಿಮೆ ಅಂದರೂ ಅಷ್ಟೇ ಆಳ, ಅಂದರೆ 8 ಮಿ.ಮೀ., ಥ್ರೆಡ್ ಹಿಡಿದಿರಬೇಕು. ಇಲ್ಲಿ ಅರ್ಧ ಹಿಡಿದಿತ್ತು. ತೆಗೆದು ಹಾಕಿ ಮಾಡಿದ್ದಕ್ಕೆ ಒಂದು ಥ್ರೆಡ್ ಹೋಯಿತು. ಯಾವ ಕ್ಯಾರಿಯರ್ ತಂದರೂ ಅದರ ಜೊತೆ ಉದ್ದದ ಬೋಲ್ಟ್ ಕೊಟ್ಟಿದ್ದಾರಾ ನೋಡಿ. ಕೊಟ್ಟಿಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ 8.8 (ಬೋಲ್ಟಿನ ಗಟ್ಟಿತನದ ದರ್ಜೆ) ಅಂತ ತಲೆ ಮೇಲೆ ಗುರುತಿರುವ ಬೋಲ್ಟ್ ಕೇಳಿ ತನ್ನಿ. ಸುಮ್ನೆ ಸಿಕ್ಕ ಬೋಲ್ಟ್ ಹಾಕಬೇಡಿ.

ಈ ಕ್ಯಾರಿಯರಿಗೆ ಕೊನೆ ಹಾಡಿದ್ದು ಹೆಂಡತಿಯ ತಮ್ಮ. ಒಂದು ರಜೆಯಲ್ಲಿ ತೋಟಕ್ಕೆ ಅಂತ ಬೈಕ್ ಒಯ್ದವನು ಅದರ ಮೇಲೆ ಯೂರಿಯಾ ಚೀಲ ಹೇರಿಕೊಂಡು ಬಂದ. ಯೂರಿಯಾ ಚೀಲ ಈಗ 45 ಕೆಜಿ. ಕ್ಯಾರಿಯರ್ ಮೇಲೆ ಅಚ್ಚು ಹಾಕಿದ್ದ ಮಿತಿ ಅದರ ಕಾಲು ಭಾಗವೂ ಇರಲಿಲ್ಲ. ಕೇಳಿದರೆ, "ಭಾವ, ಕ್ಯಾರಿಯರ್ ಇತ್ತಲ್ಲ, ಅದಕ್ಕೇ ಹಾಕ್ದೆ" ಅಂದ. ಅವನದೂ ತಪ್ಪು ಅನ್ನೋಕಾಗಲ್ಲ. ಮಲೆನಾಡಿನಲ್ಲಿ ಕ್ಯಾರಿಯರ್ ಕಂಡರೆ ಗೊಬ್ಬರ ಹೇರುತ್ತಾರೆ, ಹುಲ್ಲು ಹೇರುತ್ತಾರೆ, ಅಡಿಕೆ ಮೂಟೆ ಹೇರುತ್ತಾರೆ.

ಲೆಕ್ಕ ಹಾಕಿ ನೋಡಿ. ಈ ಗಾತ್ರದ ಬೈಕಿನಲ್ಲಿ ಎರಡು ಚಕ್ರಗಳ ಆಕ್ಸಲ್ (ಚಕ್ರದ ನಡುವಿನ ಅಚ್ಚು) ನಡುವೆ 1240 ಮಿ.ಮೀ. ಸುಮಾರು ಅಂತರ. ಭಾರದ ನಡುಭಾಗ ಹಿಂದಿನ ಆಕ್ಸಲ್‌ಗಿಂತ 250 ಮಿ.ಮೀ. ಹಿಂದೆ ಇದೆ ಅಂದುಕೊಳ್ಳಿ. 45 ಕೆಜಿ ಅಲ್ಲಿ ಕೂತರೆ ಮುಂದಿನ ಚಕ್ರದಿಂದ 9 ಕೆಜಿ ಎತ್ತುತ್ತೆ, ಹಿಂದಿನ ಚಕ್ರಕ್ಕೆ 45 ಅಲ್ಲ, 54 ಕೆಜಿ ಬೀಳುತ್ತೆ. ಹ್ಯಾಂಡಲ್ ಹಗುರ ಆಗಿ ಅಲ್ಲಾಡುವುದು ಇದಕ್ಕೇ. ಮೇಷ್ಟ್ರ ಒಂಬತ್ತು ಕೆಜಿಗೆ ಮುಂದೆ ಕಡಿಮೆಯಾಗುವುದು ಎರಡು ಕೆಜಿಯೂ ಇಲ್ಲ. ಹಾಗಾಗಿ ಹಿಂದಕ್ಕೆ ಚಾಚಿದಷ್ಟೂ ಕೆಟ್ಟದ್ದು, ಹಿಂದಿನ ಸೀಟಿಗೆ ಅಂಟಿದಷ್ಟೂ ಒಳ್ಳೆಯದು. ಮೊಟ್ಟೆಗಂತೂ ಇದು ಇನ್ನೂ ಮುಖ್ಯ. ಹಂಪು ಹಾರುವಾಗ ಆಕ್ಸಲ್‌ನಿಂದ ಹಿಂದೆ ಹೋದಷ್ಟೂ ಏಟು ಜಾಸ್ತಿ.

ಕ್ಯಾರಿಯರ್ ಬಗ್ಗಿತು. ಹಿಂದಿನ ಕೊಂಡಿಯ ವೆಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿತ್ತು. ತೆಗೆದು ಅಟ್ಟಕ್ಕೆ ಹಾಕಿದರು.

ಗುಬ್ಬಿ ತಿರುಗಿಸಿದರೆ ಸಾಕು

ಎರಡನೆಯದು ಇದಕ್ಕೆ ಪೂರ್ತಿ ಉಲ್ಟಾ. ಒಂದು ತಳಪಟ್ಟಿ ಬೈಕಿನಲ್ಲೇ ಉಳಿಯುತ್ತೆ. ಮೇಲಿನ ತಟ್ಟೆಯನ್ನು ಎರಡು ಗುಬ್ಬಿ (ಕೈಯಲ್ಲಿ ತಿರುಗಿಸುವ ನಾಬ್) ತಿರುಗಿಸಿ ಸೆಕೆಂಡುಗಳಲ್ಲಿ ತೆಗೆಯಬಹುದು. ದುಡ್ಡು ಮೊದಲನೆಯದಕ್ಕಿಂತ ಎರಡು ಪಟ್ಟು ಮೇಲೆ. ಅಂಗಳದಲ್ಲಿ ನೋಡೋಕೆ ಬಹಳ ಚೆನ್ನಾಗಿತ್ತು.

ರಸ್ತೆಯಲ್ಲಿ ಮೊಟ್ಟೆ ಮೊದಲಿಗಿಂತ ಜಾಸ್ತಿ ಒಡೆಯಿತು! ಯಾಕೆ ಅಂತ ಮೇಷ್ಟ್ರಿಗೆ ಹೊಳೆಯಲಿಲ್ಲ. ನನ್ನನ್ನು ಕರೆದು ತೋರಿಸಿದರು. ತಟ್ಟೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಟಕ್ ಟಕ್ ಅಂತಿತ್ತು. ಗುಬ್ಬಿ ಎಷ್ಟೇ ಬಿಗಿದರೂ ತಟ್ಟೆಗೂ ತಳಪಟ್ಟಿಗೂ ನಡುವೆ ಒಂದು ಮಿ.ಮೀ.ಗಿಂತ ಕಡಿಮೆ ಸಡಿಲ ಉಳಿಯುತ್ತಿತ್ತು. ಅಷ್ಟು ಸಾಕು. ಬೈಕಿನ ಕುಲುಕಾಟ ಆ ಸಂದಿಯಲ್ಲಿ ಸುತ್ತಿಗೆ ಏಟಾಗಿ ಬದಲಾಗುತ್ತೆ, ಒಂದೇ ಸಿಲಿಂಡರಿನ ಎಂಜಿನ್ ಆದ್ದರಿಂದ ಅದರ ನಡುಕ ಬೇರೆ. ಜೊತೆಗೆ ಕೆಂಪು ಮಣ್ಣು ಗುಬ್ಬಿಯ ಒಳಗೆ ಸೇರಿ ಅದು ಪೂರ್ತಿ ತಿರುಗುತ್ತಲೂ ಇರಲಿಲ್ಲ. ಬಿಗಿಯಾಯಿತು ಅಂತ ಕೈಗೆ ಅನಿಸುತ್ತಿತ್ತು, ಆಗಿರುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ತಟ್ಟೆ ತೆಗೆದ ದಿನ ಬಂತು. ಬೈಕಿನಲ್ಲಿ ಉಳಿದ ತಳಪಟ್ಟಿಯಿಂದ ಎರಡು ಮೊಳೆಯಂಥ ಗೂಟ ಮೇಲೆ ಎದ್ದಿದ್ದವು. ಪಟ್ಟಿ ಗ್ರ್ಯಾಬ್ ರೈಲಿನ ಮೇಲೇ ಕೂತಿದ್ದರಿಂದ ಹಿಂದೆ ಕೂತವರಿಗೆ ಹಿಡಿದುಕೊಳ್ಳೋಕೆ ಜಾಗ ಇರಲಿಲ್ಲ. ಹೆಂಡತಿ ಕಚೇರಿ ಮುಂದೆ ಇಳಿಯುವಾಗ ಸೆರಗು ಗೂಟಕ್ಕೆ ಸಿಕ್ಕಿ ಹರಿಯಿತು. "ರೀ, ಮಕ್ಕಳ ಮೊಟ್ಟೆ ಉಳಿಸೋಕೆ ಹೋಗಿ ನನ್ನ ಸೀರೆ ಹರಿದ್ರಿ" ಅಂದರಂತೆ. ನಿಂತ ಬೈಕಿನಲ್ಲಿ ಆಗಿದ್ದಕ್ಕೆ ಸೀರೆಯಲ್ಲಿ ಮುಗಿಯಿತು.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಮೇಷ್ಟ್ರು ಅಲ್ಲಿಯವರೆಗೆ ತೆಗೆಯುವ ಭಾಗವನ್ನೇ ನೋಡಿ ಕೊಳ್ಳುತ್ತಿದ್ದರು. ವಾರದಲ್ಲಿ ಹೆಚ್ಚು ದಿನ ಬೈಕಿನ ಮೇಲೆ ಇರುವುದು ಉಳಿಯುವ ಭಾಗ. ಹಿಂದೆ ಕೂರುವವರ ಬೆನ್ನಿಗೆ, ಕೈಗೆ, ಬಟ್ಟೆಗೆ ತಾಗುವುದು ಅದೇ. ಕಾನೂನಿನ ಕಣ್ಣಲ್ಲೂ ಅದಕ್ಕೇ ತೂಕ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುವುದು ಹಿಂದಿನ ಸವಾರರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು ಅಂತ. ಕ್ಯಾರಿಯರ್ ಹಾಕೋಕೆ ಅಂತ ಹಿಡಿಕೆಯನ್ನೋ ಸೀರೆ ಗಾರ್ಡನ್ನೋ ಬಿಚ್ಚಿ ಮನೆಯಲ್ಲಿಡುವವರನ್ನು ನಾನು ಬಹಳ ನೋಡಿದ್ದೇನೆ. ಅದು ಬೇಡ.

ಆಟೋ ಕಾಂಪ್ಲೆಕ್ಸಿನಲ್ಲಿ

ಮುಂದಿನದನ್ನು ಕೊಂಡುಕೊಳ್ಳಲಿಲ್ಲ, ಮಾಡಿಸಿದರು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ವೆಲ್ಡರ್ ಹಿಡಿದೆವು. ಹೋಗುವ ಮುಂಚೆ ಮೇಷ್ಟ್ರು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದರು. ಅಳತೆ ಅಲ್ಲ, ಷರತ್ತು. ಕ್ಯಾರಿಯರ್ ತೆಗೆದಾಗ ಹಿಡಿಕೆ ಎಡಗಡೆ ಪೂರ್ತಿ ಖಾಲಿ ಇರಬೇಕು. ಮೇಲಕ್ಕೆ ಏನೂ ಚಾಚಿರಬಾರದು. ಸ್ಪ್ಯಾನರ್ ಬೇಕಾಗಬಾರದು. ಅಲ್ಲಾಡಿಸಿದರೆ ಸದ್ದು ಬರಬಾರದು. ಬೈಕಿನ ಯಾವ ಭಾಗವನ್ನೂ ಕೊಯ್ಯಬಾರದು. ಹಿಂದಿನ ದೀಪ, ಇಂಡಿಕೇಟರ್, ನಂಬರ್ ಪ್ಲೇಟ್ ಮುಚ್ಚಬಾರದು.

ವೆಲ್ಡರ್ ಹಾಳೆ ಓದಿ ನಕ್ಕ. "ಮೇಷ್ಟ್ರೇ, ಫ್ರೇಮಿಗೇ ಎರಡು ಪೈಪ್ ಜೋಡಿಸಿ ವೆಲ್ಡ್ ಹೊಡೀತೀನಿ, ಹತ್ತು ನಿಮಿಷದ ಕೆಲಸ, ಜನ್ಮಕ್ಕೆ ಅಲ್ಲಾಡಲ್ಲ." ಮೇಷ್ಟ್ರು ಒಪ್ಪಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಒಳ್ಳೆ ತೀರ್ಮಾನ ಇದು. ಫ್ರೇಮಿಗೆ ವೆಲ್ಡ್ ಹೊಡೆದರೆ ಆ ಜಾಗದ ಕಬ್ಬಿಣದ ಗುಣ ಕೆಡುತ್ತೆ, ಬಿರುಕು ಅಲ್ಲಿಂದಲೇ ಶುರುವಾಗಬಹುದು. ಬಿಎಸ್ 6 ಬೈಕಿನಲ್ಲಿ ಪೆಟ್ರೋಲ್ ಬಿಡುವುದನ್ನು ನೋಡಿಕೊಳ್ಳುವುದು ಎಲೆಕ್ಟ್ರಾನಿಕ್ ಪೆಟ್ಟಿಗೆ, ವೆಲ್ಡಿಂಗಿನ ಕರೆಂಟ್ ದಾರಿ ತಪ್ಪಿ ಅದಕ್ಕೆ ಹೊಕ್ಕರೆ ಸಾವಿರಗಟ್ಟಲೆ ಖರ್ಚು. ಏನೇ ಮಾಡಿಸಿ, ಭಾಗ ಬಿಚ್ಚಿ ಕೆಳಗಿಟ್ಟು ವೆಲ್ಡ್ ಮಾಡಿಸಿ.

ಕೊನೆಗೆ ಆದದ್ದು ಹೀಗೆ. ಗ್ರ್ಯಾಬ್ ರೈಲಿನ ಕೆಳಗೆ, ಅದೇ ಬೋಲ್ಟುಗಳಿಗೆ, ಐದು ಮಿ.ಮೀ. ದಪ್ಪದ ಪಟ್ಟಿಯ ಒಂದು ತಳ. ಬೋಲ್ಟ್ ಉದ್ದದ್ದು, ಹೋಗಿದ್ದ ಥ್ರೆಡ್ಡಿಗೆ ಹೊಸ ನಟ್. ತಳದ ಮುಂಭಾಗದಲ್ಲಿ ಎರಡು ಬಾಯಿ, ಹಿಂಭಾಗದಲ್ಲಿ ಒಂದು ತೂತು. ಎಲ್ಲವೂ ರೈಲಿನ ಮಟ್ಟಕ್ಕಿಂತ ಕೆಳಗೆ. ಮೇಲಿನ ತಟ್ಟೆಯ ಎರಡು ಕೊಕ್ಕೆ ಮುಂದಿನ ಬಾಯಿಗೆ ಓರೆಯಾಗಿ ಹೊಕ್ಕು ಕೆಳಗೆ ಕೂರುತ್ತವೆ. ಹಿಂದೆ ಒಂದು ಪಿನ್. ಈ ಪಿನ್ ವೆಲ್ಡರನ ತಲೆಯಿಂದ ಬಂದದ್ದು. ಟ್ರ್ಯಾಕ್ಟರ್ ಸ್ಪೇರ್ ಅಂಗಡಿಗಳಲ್ಲಿ ಸಿಗುವ, ಸ್ಪ್ರಿಂಗ್ ಬಳೆ ಇರುವ ಲಿಂಚ್ ಪಿನ್. ಕೆಸರಲ್ಲೇ ಇರೋಕೆ ಹುಟ್ಟಿದ್ದು, ಮಣ್ಣು ಸೇರಿದರೆ ಒಂದು ಸಲ ಅದ್ದಿ ಒರೆಸಿದರೆ ಆಯಿತು, ಕಳೆದರೆ ಯಾವ ಹೋಬಳಿ ಕೇಂದ್ರದಲ್ಲೂ ಸಿಗುತ್ತೆ.

ಸದ್ದು ಮಾತ್ರ ಇನ್ನೂ ಇತ್ತು. ಕೊಕ್ಕೆ ಸರಾಗವಾಗಿ ಹೊಕ್ಕಬೇಕು ಅಂದರೆ ಚೂರು ಸಡಿಲ ಬೇಕೇ ಬೇಕು. ಆ ಸಡಿಲವೇ ಮೊಟ್ಟೆ ಒಡೆಯುವುದು. ವೆಲ್ಡರ್ ಬಾಯಿಯನ್ನು ಇನ್ನೂ ಬಿಗಿ ಮಾಡಿದ, ಆಗ ತಟ್ಟೆ ಹೊಕ್ಕಲೇ ಇಲ್ಲ. ಆಮೇಲೆ ಮಾಡಿದ ಉಪಾಯ: ಬಾಯಿ ಸಡಿಲವೇ ಇರಲಿ, ತಳಕ್ಕೂ ತಟ್ಟೆಗೂ ನಡುವೆ ಲಾರಿ ಟ್ಯೂಬಿನ ರಬ್ಬರ್ ಪಟ್ಟಿ. ಪಿನ್ ಹಾಕಬೇಕಾದರೆ ತಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿಯಬೇಕು, ರಬ್ಬರ್ ಅದುಮಿದ ಮೇಲೇ ತೂತಿಗೆ ತೂತು ಕೂಡುತ್ತೆ. ಕೈ ಬಿಟ್ಟರೆ ರಬ್ಬರ್ ಎಲ್ಲವನ್ನೂ ಬಿಗಿ ಹಿಡಿಯುತ್ತೆ. ಟಕ್ ಟಕ್ ನಿಂತಿತು.

ತಟ್ಟೆಯನ್ನು ಹಿಂದಿನ ಸೀಟಿನ ಅಂಚಿಗೆ ತಾಗುವಷ್ಟು ಮುಂದಕ್ಕೆ ತಂದರು. ಬೇಕಂತಲೇ ಚಿಕ್ಕದು ಮಾಡಿಸಿದರು, ಟ್ರೇ ಪೆಟ್ಟಿಗೆ ಕೂರುವಷ್ಟೇ. ಗೊಬ್ಬರದ ಚೀಲ ಅದರ ಮೇಲೆ ನಿಲ್ಲಲ್ಲ.

ಒಂದು ಮಳೆಗಾಲ ಕಳೆದ ಮೇಲೆ

ಮೊಟ್ಟೆ ಒಡೆಯುವುದು ಹತ್ತಿರಹತ್ತಿರ ನಿಂತಿತು. ಅದರಲ್ಲಿ ಕ್ಯಾರಿಯರಿನ ಪಾಲು ಅರ್ಧ ಮಾತ್ರ ಅಂತ ನನ್ನ ಅಂದಾಜು. ಉಳಿದರ್ಧ ಪೆಟ್ಟಿಗೆಯೊಳಗಿನ ಕೆಲಸ. ರಟ್ಟಿನ ಟ್ರೇ ಬಿಟ್ಟು ಪ್ಲಾಸ್ಟಿಕ್ ಟ್ರೇ ತಂದರು. ಒಂದರ ಮೇಲೊಂದು ಟ್ರೇಯನ್ನು ಕಾಲು ಸುತ್ತು ತಿರುಗಿಸಿ ಇಟ್ಟರು, ಇಲ್ಲದಿದ್ದರೆ ಮೇಲಿನದು ಕೆಳಗಿನದರೊಳಗೆ ಕೂತು ಅಮುಕುತ್ತೆ. ಎಲ್ಲಕ್ಕಿಂತ ಮೇಲೆ ಒಂದು ಖಾಲಿ ಟ್ರೇ, ತಳಕ್ಕೆ ಹಳೇ ಯೋಗ ಮ್ಯಾಟಿನ ತುಂಡು, ಪೆಟ್ಟಿಗೆಯ ಮೂಲೆಯಲ್ಲಿ ನೀರು ಇಳಿಯೋಕೆ ತೂತು. ಹಿಂದಿನ ಟೈರಿಗೆ ಪಂಪಿನವರು ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದರು, ಅದನ್ನೂ ಕಂಪನಿ ಹೇಳಿದಷ್ಟಕ್ಕೆ ಇಳಿಸಿದರು.

ತುಕ್ಕು ಬಂತು. ಅದೂ ಕೊಕ್ಕೆ ಮತ್ತು ಬಾಯಿ ಉಜ್ಜುವ ಜಾಗದಲ್ಲೇ. ರೆಡ್ ಆಕ್ಸೈಡ್ ಹೊಡೆದು ಮೇಲೆ ಕಪ್ಪು ಪೇಂಟ್ ಹಾಕಿಸಿದ್ದರು, ಉಜ್ಜುವ ಜಾಗದಲ್ಲಿ ಯಾವ ಪೇಂಟೂ ನಿಲ್ಲಲ್ಲ. ಈಗ ಅಲ್ಲಿ ಗ್ರೀಸ್ ಸವರುತ್ತಾರೆ, ಸಾಕಾಗುತ್ತೆ. ದುಡ್ಡು ಇರುವವರು ಕೊಕ್ಕೆ ಮತ್ತು ಬಾಯಿ ಎರಡನ್ನು ಮಾತ್ರ ಸ್ಟೇನ್‌ಲೆಸ್ ಮಾಡಿಸಬಹುದು, ಇಡೀ ಕ್ಯಾರಿಯರ್ ಬೇಕಿಲ್ಲ.

ಬೋಲ್ಟುಗಳ ಮೇಲೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದಿದ್ದಾರೆ, ಅರ್ಧ ಬೋಲ್ಟಿನ ಮೇಲೆ, ಅರ್ಧ ಪಟ್ಟಿಯ ಮೇಲೆ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ. ಮೊದಲ ನೂರು ಕಿ.ಮೀ. ಒಳಗೆ ಒಂದು ಬೋಲ್ಟ್ ತಿರುಗಿತ್ತು, ಬಿಗಿದ ಮೇಲೆ ಮತ್ತೆ ಇಲ್ಲ. ಹೊಸ ಕ್ಯಾರಿಯರ್ ಹಾಕಿದವರು ಯಾರಾದರೂ ಸರಿ, ಮೊದಲ ವಾರ ಒಂದು ಸಲ ಎಲ್ಲ ಬಿಗಿ ನೋಡಿ.

ಪಿನ್ ಒಂದು ಸಲ ಕಳುವಾಯಿತು. ಶಾಲೆ ಹತ್ತಿರ ಅಲ್ಲ, ಪೇಟೆಯಲ್ಲಿ.

ಇದನ್ನೆಲ್ಲ ಓದಿ ಎಲ್ಲರೂ ಆಟೋ ಕಾಂಪ್ಲೆಕ್ಸಿಗೆ ಹೋಗಬೇಕು ಅಂತಲ್ಲ. ತಿಂಗಳಿಗೊಮ್ಮೆ ತೆಗೆಯುವವರಿಗೆ ನಾಲ್ಕು ಬೋಲ್ಟಿನದೇ ವಾಸಿ, ಅದರಷ್ಟು ಗಟ್ಟಿ ಬೇರೆ ಇಲ್ಲ, ಅಗ್ಗವೂ ಹೌದು. ವಾರಕ್ಕೆ ಎರಡು ಮೂರು ಸಲ ತೆಗೆದು ಹಾಕುವವರು ಮಾತ್ರ ಬೇಗ ಕಳಚುವುದಕ್ಕೆ ದುಡ್ಡು ಹಾಕಬೇಕು. ಅಂಥವರು ಅಂಗಡಿಯಲ್ಲಿ ಕ್ಯಾರಿಯರ್ ಹಾಕಿಸಿ ನೋಡಬೇಡಿ, ತೆಗೆಸಿ ನೋಡಿ. ತೆಗೆದ ಮೇಲೆ ಮನೆಯವರನ್ನು ಹಿಂದೆ ಕೂರಿಸಿ, ಕೈ ಎಲ್ಲಿಗೆ ಹೋಗುತ್ತೆ, ಸೆರಗು ಎಲ್ಲಿ ಬೀಳುತ್ತೆ ಗಮನಿಸಿ. ಆಮೇಲೆ ತಟ್ಟೆ ಹಾಕಿ ಕೈಯಲ್ಲಿ ಅಲ್ಲಾಡಿಸಿ, ಸದ್ದು ಕೇಳಿ. ಅಂಗಡಿಯವರು ಗೊಣಗಬಹುದು, ಗೊಣಗಲಿ.

ಈಚೆಗೆ ಅದೇ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಇನ್ನೊಬ್ಬ ಮೇಷ್ಟ್ರು ಇದನ್ನು ನೋಡಿ ತಮಗೂ ಬೇಕು ಅಂದರು. ವೆಲ್ಡರ್ ಹಳೇ ಅಳತೆಯಲ್ಲೇ ಇನ್ನೊಂದು ತಳ ಕೊಯ್ದಿಟ್ಟ. ಅವರದು 125 ಸಿಸಿ ಬೈಕು, ಗ್ರ್ಯಾಬ್ ರೈಲಿನ ಬೋಲ್ಟ್ ಜಾಗವೇ ಬೇರೆ, ತಳ ಕೂರಲಿಲ್ಲ. ಈಗ ರಟ್ಟಿನಲ್ಲಿ ಹೊಸ ಅಚ್ಚು ಕತ್ತರಿಸಿ ಕೊಟ್ಟಿದ್ದಾರೆ. ಮೇಲಿನ ತಟ್ಟೆಯ ಕೊಕ್ಕೆಗಳ ಅಂತರ ಮಾತ್ರ ಹಳೇದೇ ಇಟ್ಟುಕೊಂಡಿದ್ದಾರೆ, ಒಬ್ಬರು ರಜೆ ಹಾಕಿದ ದಿನ ಇನ್ನೊಬ್ಬರು ಆ ತಟ್ಟೆ, ಪೆಟ್ಟಿಗೆ ತಗೊಂಡು ಹೋಗೋಕೆ ಆಗುತ್ತೆ ಅಂತ.